ಸವೆದದ್ದಕ್ಕೆ ತಾರೀಕಿಲ್ಲ

ವೆಸ್ಟ್ ಮಾಂಬಲಂ, ಚೆನ್ನೈ
19 ಆಗಸ್ಟ್ 2025, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಪೊರೆ ತೆಗೆಸಿದ ಕಣ್ಣಿಗೆ ಹೊತ್ತು ಹೊತ್ತಿಗೆ ಮದ್ದು ಬಿಡುತ್ತಿದ್ದೀಯಲ್ಲ? ಅತ್ತಿಗೆ ನೆನಪಿಸದಿದ್ದರೆ ನೀನು ಮರೆತು ಕೂರುವವಳು. ಈಗ ಪೇಪರಿನ ಸಣ್ಣ ಅಕ್ಷರವೂ ನಿನಗೆ ಕಾಣುತ್ತದೆ ಎಂದು ಅಣ್ಣ ಹೇಳಿದ ಮೇಲೆಯೇ ನನಗೆ ಕಾಗದ ಬರೆಯುವ ಧೈರ್ಯ ಬಂದದ್ದು. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳುವುದಿಲ್ಲವೆಂದು ಅವನು ಸ್ಪೀಕರ್ ಹಾಕುತ್ತಾನೆ. ಆಮೇಲೆ ನಾನು ಮಾತಾಡುವುದು ನಿನ್ನೊಬ್ಬಳ ಹತ್ತಿರ ಅಲ್ಲ, ಅಣ್ಣ, ಅತ್ತಿಗೆ, ಚಾವಡಿಯಲ್ಲಿ ಕೂತ ನೆಂಟರು, ಎಲ್ಲರ ಹತ್ತಿರ. ಹಾಗಾಗಿ ಇಷ್ಟು ದಿನ ‘ಇವರಿಗೆ ಸ್ವಲ್ಪ ಬೆನ್ನುನೋವು, ರಜೆ ಹಾಕಿದ್ದಾರೆ’ ಎಂದಷ್ಟೇ ಹೇಳುತ್ತಾ ಬಂದೆ. ನೀನು ‘ಎಣ್ಣೆ ಹಚ್ಚಿ ಬಿಸಿನೀರು ಹಾಕು’ ಎಂದೆ. ಹಾಕಿದೆ ಅಮ್ಮಾ. ಅದು ಎಣ್ಣೆಗೂ ಬಿಸಿನೀರಿಗೂ ಬಗ್ಗುವ ನೋವಲ್ಲ. ನಿನ್ನ ಅಳಿಯ ಜೂನ್ ತಿಂಗಳಿನಿಂದ ಹೋಟೆಲಿನ ಅಡುಗೆಮನೆಗೆ ಕಾಲಿಟ್ಟಿಲ್ಲ. ಇನ್ನು ಮೊದಲಿನ ಕೆಲಸಕ್ಕೆ ಹೋಗುವ ಹಾಗೂ ಇಲ್ಲ.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನೀನು ಬ್ರಹ್ಮಾವರದಿಂದ ನಮ್ಮಲ್ಲಿಗೆ ಬಂದಾಗಲೆಲ್ಲ ಆ ಹೋಟೆಲಿನ ಕೆಳಗಿನ ಹಾಲ್‌ನಲ್ಲಿ ಕೂತು ಮಸಾಲೆದೋಸೆ ತಿಂದಿದ್ದೀ. ಆ ದೋಸೆಯ ಹಿಟ್ಟು ಎಲ್ಲಿಂದ ಬರುತ್ತದೆ ಎಂದು ನೀನೂ ನೋಡಿಲ್ಲ, ಮದುವೆಯಾಗಿ ಎಷ್ಟೋ ವರ್ಷ ನಾನೂ ನೋಡಿರಲಿಲ್ಲ. ರುಬ್ಬುವ ಕೋಣೆ ಇರುವುದು ಮೇಲಿನ ಮಹಡಿಯಲ್ಲಿ. ಕೆಳಗೆ ಜಾಗವಿಲ್ಲ, ಇದ್ದ ಜಾಗಕ್ಕೆಲ್ಲ ಮೇಜು ಹಾಕಿದ್ದಾರೆ. ಅಕ್ಕಿ, ಉದ್ದಿನ ಮೂಟೆ ಮೇಲಕ್ಕೆ ಹೋಗಬೇಕು, ರುಬ್ಬಿದ ಹಿಟ್ಟು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕೆಳಗೆ ಬರಬೇಕು. ಹಿಂದಿನ ಕಬ್ಬಿಣದ ಮೆಟ್ಟಿಲು ಒಬ್ಬ ಮನುಷ್ಯ ಹಿಡಿಯುವಷ್ಟೇ ಅಗಲ, ಹಾಗಾಗಿ ಇಬ್ಬರು ಸೇರಿ ಹಿಡಿದು ಇಳಿಸುವಂತಿಲ್ಲ. ಇವರು ಅಡುಗೆಯ ಮಾಸ್ಟರ್ ಆದ ಮೇಲೂ ಆ ಕೆಲಸ ಬಿಡಲಿಲ್ಲ. ಬೇರೆಯವರು ಇಳಿಸಿದರೆ ಚೆಲ್ಲುತ್ತಾರೆ ಎಂದು ಇವರಿಗೆ ಹೆದರಿಕೆ, ಇವರಿರುವಾಗ ಇನ್ನೊಬ್ಬ ಆಳು ಯಾಕೆ ಎಂದು ಹೋಟೆಲಿನವರಿಗೆ ಸಮಾಧಾನ.

ನೋವು ಶುರುವಾಗಿ ಮೂರು ವರ್ಷವಾದರೂ ಆಗಿರಬೇಕು. ನನಗೆ ಹೇಳಿದ್ದು ಕಳೆದ ವರ್ಷ. ಮೊದಲು ಗ್ಯಾಸ್ ಎಂದರು. ಆಮೇಲೆ ಎಡಗಾಲು ಜೋಮು ಹಿಡಿಯುತ್ತದೆ, ನಿಂತು ನಿಂತು ಹಾಗಾಗುತ್ತದೆ ಎಂದರು. ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು, ಅದರಿಂದ ಹೊಟ್ಟೆ ಕೆಟ್ಟಿತು, ಹೊಟ್ಟೆಗೆ ಬೇರೆ ಮಾತ್ರೆ ಬಂತು. ಯಾರೋ ಪುತ್ತೂರು ಕಟ್ಟು ಹಾಕಿಸಿ ಎಂದರು. ನಮ್ಮ ಪುತ್ತೂರಲ್ಲ, ಇದು ಆಂಧ್ರದ್ದು. ಮೂಳೆಗೆ ಮೊಟ್ಟೆ, ಹಿಟ್ಟು ಏನೇನೋ ಹಚ್ಚಿ ಬಟ್ಟೆ ಸುತ್ತಿ ಕಳಿಸುತ್ತಾರೆ, ಈ ಊರಿನಲ್ಲಿ ಬೀದಿಗೊಂದು ಬೋರ್ಡು ಇದೆ. ಜನ್ಮದಲ್ಲಿ ಮೊಟ್ಟೆ ಮುಟ್ಟದ ಮನುಷ್ಯ ಅದನ್ನು ಸೊಂಟಕ್ಕೆ ಸುತ್ತಿಸಿಕೊಂಡು ಬಂದು, ಆ ವಾಸನೆಗೆ ತಾವೇ ಎರಡು ದಿನ ಊಟ ಬಿಟ್ಟರು. ಆಗ ನಾನು ನಕ್ಕುಬಿಟ್ಟಿದ್ದೆ. ಅವರೂ ನಕ್ಕಿದ್ದರು. ಕಟ್ಟು ಬಿಚ್ಚಿದ ಮಾರನೆಯ ದಿನವೇ ಮತ್ತೆ ಪಾತ್ರೆ ಹೊತ್ತರು.

ಜೂನ್ ತಿಂಗಳ ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತು. ಹಾಲ್ ತುಂಬಿ ಜನ ಬಾಗಿಲಿನ ಹೊರಗೆ ನಿಂತಿದ್ದರಂತೆ. ಇವರು ಹಿಟ್ಟಿನ ಪಾತ್ರೆ ಹಿಡಿದು ಇಳಿಯುತ್ತಿದ್ದವರು ನಡುಮೆಟ್ಟಿಲಲ್ಲಿ ನಿಂತುಬಿಟ್ಟರು. ಕೆಳಗೆ ಹೆಜ್ಜೆ ಇಡಲು ಆಗಲಿಲ್ಲ, ಮೇಲೆ ಹೋಗಲೂ ಆಗಲಿಲ್ಲ. ಕೂಗಲೂ ಇಲ್ಲ. ಪಾತ್ರೆಯನ್ನು ಬಿಡದೆ, ಗೋಡೆಗೆ ಹೆಗಲು ಕೊಟ್ಟು ಹಾಗೇ ನಿಂತಿದ್ದರು. ಹಿಟ್ಟು ಯಾಕೆ ಬರಲಿಲ್ಲ ಎಂದು ಒಬ್ಬ ಸಪ್ಲೈಯರ್ ಹುಡುಕಿಕೊಂಡು ಹೋದಾಗ ನೋಡಿದ್ದು. ಅವನು ಪಾತ್ರೆ ತೆಗೆದುಕೊಂಡ ಮೇಲೆ ಇವರು ಮೆಟ್ಟಿಲ ಮೇಲೆ ಕೂತರು, ಕೂತವರು ಏಳಲಿಲ್ಲ. ಇಬ್ಬರು ಸೇರಿ ಆಟೋದಲ್ಲಿ ಮಲಗಿಸಿ ಮನೆಗೆ ತಂದರು. ಬಾಗಿಲು ತೆರೆದ ನನಗೆ ಇವರು ಹೇಳಿದ ಮೊದಲ ಮಾತು, ‘ಹೆದರ್ಬೇಡ, ಹಿಟ್ಟು ಚೆಲ್ಲಲಿಲ್ಲ’ ಎಂದು.

ಸ್ಕ್ಯಾನ್ ಮಾಡಿಸಿದೆವು. ಬೆನ್ನುಮೂಳೆಯ ನಡುವಿನ ಎರಡು ಮೆತ್ತೆಗಳು ಸವೆದು ಹೊರಬಂದು ಕಾಲಿನ ನರವನ್ನು ಒತ್ತುತ್ತಿವೆಯಂತೆ, ಬಲಭುಜದ ಸ್ನಾಯುವೂ ಹರಿದಿದೆಯಂತೆ. ಆಪರೇಷನ್ ಈಗಲೇ ಬೇಡ, ವ್ಯಾಯಾಮ ಮಾಡಿಸಿ ನೋಡೋಣ, ಆದರೆ ಇನ್ನು ಭಾರ ಎತ್ತುವ ಮಾತೇ ಆಡಬಾರದು ಎಂದರು ಡಾಕ್ಟರು. ‘ಎಷ್ಟು ದಿವಸ?’ ಎಂದು ಇವರು ಕೇಳಿದರು. ‘ದಿವಸ ಅಲ್ಲ ಸಾರ್, ಇನ್ನು ಯಾವತ್ತೂ’ ಎಂದರು. ಇವರು ತಲೆ ಆಡಿಸಿದರು. ಹೊರಗೆ ಬಂದು ಆಟೋಗೆ ಕಾಯುವಾಗ ನನ್ನನ್ನು ಕೇಳಿದರು: ‘ಅವ್ರು ಸುಮ್ನೆ ಹೆದರಿಸಿದ್ದು, ಅಲ್ವಾ?’

ಆಸ್ಪತ್ರೆಯ ಖರ್ಚು ದೊಡ್ಡದು ಎಂದು ನಿನಗೆ ಗೊತ್ತಿರುವುದೇ. ಆದರೆ ನೋವು ಮನೆಗೆ ಬಂದು ಕೂತರೆ ಯಾವ ಯಾವ ಬಾಗಿಲಿನಿಂದ ಹಣ ಹೋಗುತ್ತದೆ ಎಂದು ನಾನು ಕಲಿತದ್ದು ಈಗ. ನೆಲದಲ್ಲಿ ಮಲಗಲು ಆಗುವುದಿಲ್ಲ, ಮಂಚ ಬಂತು. ಕೆಳಗೆ ಕೂರಲು ಆಗುವುದಿಲ್ಲ, ಪಾಯಿಖಾನೆಗೆ ಕುರ್ಚಿ ಬಂತು. ವ್ಯಾಯಾಮ ಮಾಡಿಸುವಲ್ಲಿಗೆ ಬಸ್ಸು ಹತ್ತಿ ಹೋಗಲು ಆಗುವುದಿಲ್ಲ, ಹೋಗಿ ಬರಲು ಆಟೋ. ಮೂರು ಹೊತ್ತು ಹೋಟೆಲಿನಲ್ಲೇ ಉಣ್ಣುತ್ತಿದ್ದವರು ಈಗ ಮನೆಯಲ್ಲಿ ಉಣ್ಣುತ್ತಾರೆ. ಉಣ್ಣುತ್ತಾರೆ ಎನ್ನುವುದೂ ತಪ್ಪು, ಒಂದು ತುತ್ತು ಕಡಿಮೆ ಹಾಕು ಎನ್ನುತ್ತಾರೆ. ನಾನು ಸೀರೆಗೆ ಫಾಲ್ಸ್ ಹೊಲಿಯುವುದು ಇವರನ್ನು ಎಬ್ಬಿಸಿ ಕೂರಿಸುವುದರ ನಡುವೆ ಅರ್ಧಕ್ಕರ್ಧ ನಿಂತಿತು. ಶ್ರೀಯಾಳ ಕಾಲೇಜು ಫೀಸಿಗೆಂದು ನಾನು ಕಟ್ಟುತ್ತಿದ್ದ ಚೀಟಿಯನ್ನು ಮಧ್ಯದಲ್ಲೇ ನಷ್ಟಕ್ಕೆ ಎತ್ತಿದೆ, ಅದು ಸ್ಕ್ಯಾನಿಗೂ ಇಂಜೆಕ್ಷನ್ನಿಗೂ ಆಯಿತು. ನಿನ್ನ ಮೊಮ್ಮಗಳಿಗೆ ಇದು ಗೊತ್ತಾಗಿ, ‘ನಾನ್ ವೇಲೈಕ್ಕು ಪೋರೇನ್ ಮಾ’ ಎಂದಳು, ಕೆಲಸಕ್ಕೆ ಹೋಗುತ್ತಾಳಂತೆ. ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಡಿಗ್ರಿ ಮುಗಿಸದಿದ್ದರೂ ಕೆಲಸ ಕೊಡುತ್ತಾರಂತೆ, ಕ್ಯಾಬ್ ಬರುತ್ತದಂತೆ. ಕೊನೆಯ ವರ್ಷ ಬಿಟ್ಟು ಕೆಲಸಕ್ಕೆ ಹೋಗುವುದು ಬೇಡ ಎಂದು ಗದರಿದೆ. ಅವಳು ಎದುರು ಮಾತಾಡಲಿಲ್ಲ. ಮಾತಾಡದೆ ಇದ್ದಾಗಲೇ ಅವಳ ಬಗ್ಗೆ ನನಗೆ ಭಯ.

ಇವರಿಗೆ ಕಾರ್ಮಿಕರ ವಿಮೆಯ ಕಾರ್ಡು ಇತ್ತಲ್ಲ ಎಂದು ನೀನು ಕೇಳಬಹುದು. ಇತ್ತು. ಎರಡು ವರ್ಷದ ಹಿಂದೆ ಸಂಬಳ ಏರಿತೆಂದು ನಾನು ಪಾಯಸ ಮಾಡಿ ನಿನಗೆ ಫೋನು ಮಾಡಿದ್ದೆ, ನೆನಪಿದೆಯಾ? ಆ ಏರಿಕೆಯಿಂದ ಸಂಬಳ ಆ ವಿಮೆಯ ಮಿತಿಯನ್ನು ಸ್ವಲ್ಪವೇ ದಾಟಿತು, ಕಾರ್ಡು ನಿಂತಿತು. ಸಂಬಳದಲ್ಲಿ ಹಿಡಿಯುತ್ತಿದ್ದ ಹಣ ಕೈಗೆ ಬಂತಲ್ಲ ಎಂದು ಆವಾಗ ನಮಗೆ ಖುಷಿಯೇ ಆಗಿತ್ತು. ಕೆಳಗಿನ ಮನೆಯಲ್ಲಿ ಬಾಬು ಎಂದು ಒಬ್ಬರು ಇದ್ದಾರೆ, ಮೈಸೂರು ಕಡೆಯವರು, ವಿಮಾ ಕಂಪನಿಯಲ್ಲಿದ್ದು ರಿಟೈರ್ ಆದವರು. ಬೇರೆ ದಾರಿ ಇದೆಯೇ ಎಂದು ಅವರನ್ನು ಕೇಳಿದೆ. ಪಾಪ, ಮೇಲೆ ಬಂದು ಇವರ ಪಕ್ಕದಲ್ಲಿ ಕೂತು ಎಲ್ಲ ವಿಚಾರಿಸಿದರು. ‘ಎಲ್ಲಿ ಬಿದ್ರಿ?’ ಎಂದರು. ಬೀಳಲಿಲ್ಲ ಎಂದರು ಇವರು. ‘ಏನಾದ್ರೂ ಮೈಮೇಲೆ ಬಿತ್ತಾ?’ ಇಲ್ಲ ಎಂದರು. ಬಾಬು ನನ್ನ ಕಡೆ ತಿರುಗಿ, ‘ನೋಡಮ್ಮಾ, ಅಪಘಾತ ಅಂದ್ರೆ ಒಂದು ತಾರೀಕು ಕೇಳ್ತಾರೆ. ದಿನಾ ಸವೆದದ್ದಕ್ಕೆ ನಾವು ತಾರೀಕು ಎಲ್ಲಿಂದ ತರೋದು? ಕೇಸು ಹಾಕಬಹುದು, ಹಾಕೋದೇ ಬೇಡ ಅನ್ನಲ್ಲ. ಆದ್ರೆ ವರ್ಷಗಟ್ಟಲೆ ಓಡಾಡಬೇಕಾದೀತು’ ಎಂದರು. ಅವರು ಹೋದ ಮೇಲೆ ಇವರು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದರು.

ಒಂದು ತಿಂಗಳು ಹೋಟೆಲಿನಿಂದ ಅರ್ಧ ಸಂಬಳ ಬಂತು. ಆಮೇಲೆ ಏನೂ ಬರಲಿಲ್ಲ. ನಾವಿರುವ ಮನೆ ಕೂಡ ಹೋಟೆಲಿನ ಧಣಿಗಳ ಹೆಸರಿನಲ್ಲಿ ಹಿಡಿದದ್ದು ಎನ್ನುವುದು ನಿನಗೆ ಗೊತ್ತು. ಇವರ ಕೆಲಸ ಹೋದರೆ ಮನೆಯೂ ಹೋಯಿತು. ಹೊರಗೆ ಬೈಕು ನಿಂತ ಸದ್ದು ಕೇಳಿದರೆ ಸಾಕು, ಮನೆ ಬಿಡಿ ಎನ್ನಲು ಬಂದರು ಎಂದು ಕಿಟಕಿಯಿಂದ ಇಣುಕುತ್ತಿದ್ದೆ.

ಬಂದದ್ದು ಮ್ಯಾನೇಜರ್ ಪ್ರವೀಣ್. ಹಣ್ಣು ತಂದಿದ್ದ. ಕೂತು ಕಾಫಿ ಕುಡಿದು ಒಂದು ಉಪಾಯ ಹೇಳಿದ. ಹೋಟೆಲಿಗೆ ಅಪಘಾತದ ಪಾಲಿಸಿ ಒಂದು ಇದೆಯಂತೆ. ಆ ಭಾನುವಾರ ಮೆಟ್ಟಿಲ ಹತ್ತಿರ ನೆಲ ಒದ್ದೆಯಿತ್ತು, ಕಾಲು ಜಾರಿ ಬಿದ್ದೆ ಎಂದು ಇವರು ಬರೆದುಕೊಟ್ಟರೆ ಸಾಕು, ಆಸ್ಪತ್ರೆ ಖರ್ಚೂ ಬರುತ್ತದೆ, ಮೇಲೆ ಒಂದಿಷ್ಟು ಹಣವೂ ಬರುತ್ತದೆ. ‘ಸಾಕ್ಷಿಗೆ ನಾನಿದ್ದೇನೆ. ಒಂದೇ ಒಂದು ವಿಷಯ, ನೆಲ ಒದ್ದೆ ಬಿಟ್ಟವರ ಮೇಲೆ ನಾವು ಕ್ರಮ ತಗೊಂಡದ್ದು ತೋರಿಸ್ಬೇಕಾಗ್ತದೆ’ ಎಂದ. ನೆಲ ಒರೆಸುವವಳು ಹುಚ್ಚಮ್ಮ. ಹೊಸೂರು ಕಡೆಯವಳು, ಗಂಡನಿಲ್ಲ, ಇವರಷ್ಟೇ ವರ್ಷದಿಂದ ಆ ಹೋಟೆಲಿನಲ್ಲಿದ್ದಾಳೆ. ಅವಳನ್ನು ತೆಗೆಯಬೇಕಾಗುತ್ತದೆ ಎಂದು ಪ್ರವೀಣ್ ಬಾಯಿಬಿಟ್ಟು ಹೇಳಲಿಲ್ಲ, ನಮಗೆ ಅರ್ಥವಾಯಿತು.

ನಿನ್ನ ಹತ್ತಿರ ಮುಚ್ಚಿಡುವುದು ಏನಿದೆ, ನನ್ನ ಮನಸ್ಸು ಕೂಡಲೇ ಹೂಂ ಎಂದಿತು. ಹುಚ್ಚಮ್ಮನಿಗೆ ಎಲ್ಲಿಯಾದರೂ ಮನೆಗೆಲಸ ಸಿಗುತ್ತದೆ, ಇವರ ಬೆನ್ನು ಇನ್ನೆಲ್ಲಿ ಸಿಗುತ್ತದೆ ಎಂದುಕೊಂಡೆ. ಇವರು ಮಾತ್ರ ಮಲಗಿದಲ್ಲಿಂದಲೇ, ‘ನಾನು ಬಿದ್ದದ್ದೇ ಇಲ್ಲವಲ್ಲ ಪ್ರವೀಣ’ ಎಂದರು. ಅವನು ಹೋದ ಮೇಲೆ ನಾವಿಬ್ಬರೂ ಜಗಳವಾಡಿದೆವು. ಇಷ್ಟು ವರ್ಷದಲ್ಲಿ ಅಂಥ ಜಗಳ ಆಡಿರಲಿಲ್ಲ. ‘ನಿಮ್ಮ ಸತ್ಯ ಇಟ್ಕೊಂಡು ನಾನು ಎಂತ ಬೇಯಿಸುದು?’ ಎಂದುಬಿಟ್ಟೆ. ‘ಅವಳು ಒರೆಸಿದ ನೆಲದಲ್ಲಿ ನಾನು ಒಂದು ದಿನವೂ ಜಾರ್ಲಿಲ್ಲ ವಾಸಂತಿ. ಇಷ್ಟು ವರ್ಷ ಹೊತ್ತು ಇಳಿಸಿದ್ದೇನೆ ಅಂದ್ರೆ ಅದಕ್ಕೆ ಅವಳೂ ಕಾರಣ’ ಎಂದರು. ಶ್ರೀಯಾ ಎದ್ದು ಹೋಗಿ ಸ್ಟೇಷನ್ ರಸ್ತೆಯಲ್ಲಿ ಸುಮ್ಮನೆ ಅಡ್ಡಾಡಿ ಬಂದಳು.

ಮೂರನೆಯ ದಿನ ಹುಚ್ಚಮ್ಮನೇ ಬಂದಳು. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಮೆಟ್ಟಿಲು ಹತ್ತಿ ಬರಲು ಅವಳಿಗೂ ಕಷ್ಟವಾಗಿತ್ತು, ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡಳು. ಒಳಗೆ ಬಾ ಎಂದರೂ ಹೊಸ್ತಿಲ ಹತ್ತಿರವೇ ಕೂತಳು. ‘ನೀರು ನಾನೇ ಚೆಲ್ಲಿದ್ದೆ ಅಂತ ಹೇಳ್ತೀನಿ ಕಣಮ್ಮಾ. ಮಾಸ್ಟ್ರು ಬರ್ಕೊಡ್ಲಿ. ನಂಗೇನು, ನಾಲ್ಕು ಮನೆ ಪಾತ್ರೆ ತಿಕ್ಕಿದ್ರೆ ಆಯ್ತದೆ’ ಎಂದಳು. ಹಾಗೆನ್ನುವಾಗ ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಕಾಫಿ ಲೋಟ ಕೊಟ್ಟಾಗ ಕಂಡಿತು, ಬೆರಳ ಗೆಣ್ಣುಗಳು ಊದಿ, ಲೋಟ ಬಿಗಿಯಾಗಿ ಹಿಡಿಯಲೂ ಆಗುತ್ತಿರಲಿಲ್ಲ. ಈ ಕೈಯಲ್ಲಿ ನಾಲ್ಕು ಮನೆಯ ಪಾತ್ರೆ. ಒಳಗಿನಿಂದ ಇವರು, ‘ಹುಚ್ಚಮ್ಮಾ, ನೀನು ಸುಮ್ನಿರು, ಯಾರೂ ಎಂತದೂ ಬರೆದುಕೊಡುದಿಲ್ಲ’ ಎಂದರು. ಈ ಸಲ ನಾನು ಎದುರಾಡಲಿಲ್ಲ.

ಮಾರನೆಯ ಬೆಳಿಗ್ಗೆ ಇವರಿಗೆ ಹೇಳದೆ ಧಣಿಗಳ ಮನೆಗೆ ಹೋದೆ. ಗುರುಚರಣರು ಕೆಟ್ಟ ಮನುಷ್ಯರಲ್ಲ, ನಮ್ಮ ಮದುವೆಗೆ ಬಂದು ಊಟದ ಪಂಕ್ತಿಯಲ್ಲಿ ತಾವೇ ಸಾರು ಬಡಿಸಿದವರು. ಪೂಜೆ ಮುಗಿಸಿ ಬಂದು, ‘ಕೂತ್ಕೊ ವಾಸಂತಿ’ ಎಂದರು. ಕೂರಲಿಲ್ಲ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು. ಬಿದ್ದೆ ಎಂದು ಇವರು ಬರೆದುಕೊಡುವುದಿಲ್ಲ ಎಂದೆ. ಧಣಿಗಳಿಗೆ ಪ್ರವೀಣನ ಉಪಾಯ ಗೊತ್ತಿತ್ತೋ ಇಲ್ಲವೋ, ಮುಖ ನೋಡಿ ತಿಳಿಯಲಿಲ್ಲ. ‘ಬಾಡಿಗೆ ಏರಿತು, ಗ್ಯಾಸ್ ಏರಿತು. ಎಷ್ಟು ಮಂದಿಗೆ ಅಂತ ನಾನು ಕೊಡುದು? ಹೋದ ವರ್ಷ ಚಪಾತಿಯವನ ಕೈ, ಅದಕ್ಕೆ ಮೊದಲು ಇನ್ನೊಬ್ಬನ ಸೊಂಟ’ ಎಂದರು. ಅವರು ಹೇಳಿದ್ದನ್ನೇ ನಾನು ಹಿಡಿದುಕೊಂಡೆ. ‘ಅವರೆಲ್ಲ ಊರಿಗೆ ಹೋದ್ರು ಧಣಿಗಳೇ. ಪ್ರತಿ ಸಲ ಹೊಸಬರನ್ನು ತಂದು ಕಲಿಸುದು, ಹಿಟ್ಟು ಕೆಡುದು, ಗಿರಾಕಿ ಬೈಯುದು, ಅದೂ ನಿಮ್ಮ ಹಣವೇ ಅಲ್ವಾ? ರುಬ್ಬುವ ಕಲ್ಲು ಒಂದು ಕೆಳಗೆ ಬಂದಿದ್ರೆ ಇವರು ಇವತ್ತೂ ನಿಮ್ಮ ಅಡುಗೆಮನೆಯಲ್ಲಿರ್ತಿದ್ರು’ ಎಂದೆ. ಧಣಿಗಳ ಹೆಂಡತಿ ಒಳಗಿನಿಂದ ಬಂದು ನನ್ನ ಕೈಗೆ ನೀರು ಕೊಟ್ಟರು.

ಕೊನೆಗೆ ಧಣಿಗಳು, ದೀಪಾವಳಿಯವರೆಗೆ ಅರ್ಧ ಸಂಬಳ, ವ್ಯಾಯಾಮದ ಖರ್ಚು, ಮನೆ ಹೀಗೇ ಇರಲಿ ಎಂದರು. ಆಮೇಲೆ ಇವರು ಬಂದು ಮಸಾಲೆ ಹದ, ರುಚಿ ನೋಡಿಕೊಳ್ಳಲಿ, ಕೋಯಂಬೇಡು ಮಾರ್ಕೆಟ್ಟಿಗೆ ತರಕಾರಿ ಆರಿಸಲು ಹೋಗಲಿ, ಏನೂ ಎತ್ತುವುದು ಬೇಡ ಎಂದರು. ಸಂಬಳ ಮಾತ್ರ ಮೊದಲಿನಷ್ಟು ಆಗುವುದಿಲ್ಲ. ರುಬ್ಬುವ ಕೋಣೆಯನ್ನು ಕೆಳಗೆ ತರುವ ಬಗ್ಗೆ ಕೇಳಿದ್ದಕ್ಕೆ ‘ನೋಡುವ’ ಎಂದರು. ನಮ್ಮ ಕಡೆಯವರ ‘ನೋಡುವ’ ಎಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಹುಚ್ಚಮ್ಮ ಕೆಲಸದಲ್ಲಿ ಉಳಿದಿದ್ದಾಳೆ. ಪ್ರವೀಣ್ ಆಮೇಲೆ ಈ ಕಡೆ ತಲೆಹಾಕಲಿಲ್ಲ.

ಮನೆಗೆ ಬಂದು ಹೇಳಿದಾಗ ಇವರಿಗೆ ಖುಷಿಯಾಗಲಿಲ್ಲ. ಸಂಬಳ ಕೇಳಲು ನೀನು ಹೋದೆಯಾ ಎಂದು ಒಂದು ದಿನ ಮಾತು ಬಿಟ್ಟರು. ಈಗ ಸರಿಯಾಗಿದ್ದಾರೆ. ಬೆಳಿಗ್ಗೆ ಗೋಡೆ ಹಿಡಿದು ಕಾಲು ಎತ್ತಿ ಇಳಿಸುತ್ತಾರೆ, ಸಂಜೆ ಬೀದಿಯ ತುದಿಯ ಹೂವಿನಂಗಡಿಯವರೆಗೆ ನಡೆದು ಬರುತ್ತಾರೆ. ನಾನು ಪಾತ್ರೆಯಲ್ಲಿ ನೀರು ತುಂಬಿ ಎತ್ತುವುದನ್ನು ಕಂಡರೆ ಮುಖ ತಿರುಗಿಸುತ್ತಾರೆ. ದೀಪಾವಳಿ ಕಳೆದ ಮೇಲೆ ಏನು, ಅಷ್ಟು ಸಂಬಳದಲ್ಲಿ ಈ ಊರಿನಲ್ಲಿ ಹೇಗೆ, ಧಣಿಗಳ ಮನಸ್ಸು ಅಲ್ಲಿಯವರೆಗೆ ಹೀಗೇ ಇರುತ್ತದೆಯೇ, ಇದೇ ತಲೆಯಲ್ಲಿ ತಿರುಗುತ್ತಿರುತ್ತದೆ. ಹೊಲಿಗೆಯ ಸೂಜಿ ಎಷ್ಟೋ ಸಲ ಬೆರಳಿಗೇ ಹೋಗುತ್ತದೆ. ನೀನು ಇದನ್ನೆಲ್ಲ ಓದಿ ರಾತ್ರಿ ನಿದ್ದೆಗೆಡಬೇಡ. ನಿನ್ನ ಬಳೆ ಕೊಡುತ್ತೇನೆ ಎನ್ನಬೇಡ, ಅದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಅಣ್ಣ ಅತ್ತಿಗೆಗೆ ನಮ್ಮ ನೆನಪು ಹೇಳು. ಶ್ರೀಯಾ ಅಜ್ಜಿಗೆ ಮುತ್ತು ಕಳಿಸಿದ್ದಾಳೆ, ತಮಿಳಿನಲ್ಲೇ. ಇವರು ನಿನಗೆ ನಮಸ್ಕಾರ ಹೇಳಿದ್ದಾರೆ, ಬಗ್ಗಿ ಕಾಲು ಮುಟ್ಟಲು ಆಗದಿದ್ದರೂ ನೀನು ಹರಸುತ್ತೀ ಎಂದು ಅವರಿಗೆ ಗೊತ್ತು.

ನಿನ್ನ ಮಡಿಲಿನಲ್ಲಿ ತಲೆಯಿಟ್ಟು ಒಂದು ದಿನ ಮಲಗಬೇಕು ಎನಿಸುವ ಮಗಳು,
ವಾಸಂತಿ

ವಿ.ಸೂ.: ಕೊರಿಯರ್ ಅಂಗಡಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಕಾಗದ ಬರೆಯಲು ಕೂತದ್ದೇ ಇದಕ್ಕೆ, ಬರೆಯಲಾಗದೆ ಇಲ್ಲಿಯವರೆಗೆ ತಂದೆ. ಇವರ ಜಾಗಕ್ಕೆ ಚಂದುವನ್ನು ಕಳಿಸಿ ಎಂದು ಧಣಿಗಳು ಅಣ್ಣನಿಗೆ ಫೋನು ಮಾಡಿದ್ದಾರೆ, ಅಣ್ಣ ಒಪ್ಪಿದ್ದಾನೆ, ಶನಿವಾರದ ಬಸ್ಸಿಗೆ ಟಿಕೆಟ್ ಆಗಿದೆ ಎಂದು ನಿನ್ನೆ ಅತ್ತಿಗೆಯ ಬಾಯಿಯಿಂದ ತಿಳಿಯಿತು. ನೀನು ಹೊಲಕ್ಕೆ ಹೋದಾಗ ನಾನು ಸೊಂಟದಲ್ಲಿ ಹೊತ್ತು ಬೆಳೆಸಿದ ತಮ್ಮ ಅಮ್ಮಾ ಅವನು. ಈಗ ಅವನಿಗೂ ಹೆಂಡತಿಯಿದ್ದಾಳೆ, ತೊಟ್ಟಿಲಲ್ಲಿ ಕೂಸಿದೆ. ಆ ಕೋಣೆ ಇನ್ನೂ ಮೇಲೆಯೇ ಇದೆ, ಮೆಟ್ಟಿಲೂ ಅದೇ. ಅವನು ಬರದಿದ್ದರೆ ಧಣಿಗಳು ನನಗೆ ಕೊಟ್ಟ ಮಾತು ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ಅದನ್ನು ನಾವು ಇಲ್ಲಿ ನೋಡಿಕೊಳ್ಳುತ್ತೇವೆ. ಇವರಿಗೂ ಹೇಳಿದೆ, ‘ಬರೆ, ಬೇಡ ಅಂತ ಬರೆ’ ಎಂದರು. ಅಣ್ಣ ಸಿಟ್ಟು ಮಾಡಿದರೂ ಮಾಡಲಿ. ಚಂದುವನ್ನು ಕಳಿಸಬೇಡ. ಅವನು ಬ್ಯಾಗು ಕಟ್ಟಿಟ್ಟಿದ್ದರೆ ನೀನೇ ಬಿಚ್ಚು.